ಕೊಬ್ಬರಿ ಗಂಟೂ ವಿಮಾನದ ಟಿಕೆಟ್ಟೂ

"ಆಯಿ, ಈ ಸಲ ರೈಲು ಗೀಲು ಬೇಡ. ವಿಮಾನದಲ್ಲೇ ಬಾ. ಒಂದೂಕಾಲು ತಾಸು, ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಮುಂಬಯಿ!"

ಠಾಣೆಯಲ್ಲಿರುವ ಮಗಳು ಫೋನಿನಲ್ಲಿ ಹೀಗೆಂದಾಗ ನಾನು ಕುಮಟೆಯ ನಮ್ಮ ಮನೆಯಂಗಳದಲ್ಲಿ ಒಣಕೊಬ್ಬರಿಯನ್ನು ಬಿಸಿಲಿಗೆ ಹರಡುತ್ತಿದ್ದೆ. ಅವಳಿಗೆ ಎಂಟು ತುಂಬಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕಾದವಳು. ರಕ್ತದೊತ್ತಡ ಏರಿದೆ, ಪ್ರಯಾಣ ಬೇಡ ಎಂದು ಡಾಕ್ಟರು ತಡೆದರು. ಅಂದಮೇಲೆ ತವರೇ ಗಂಟು ಕಟ್ಟಿಕೊಂಡು ಅವಳಿದ್ದಲ್ಲಿಗೆ ಹೋಗಬೇಕಲ್ಲ!

ಗಂಟೆಂದರೆ ಸಾಮಾನ್ಯ ಗಂಟೇ? ಅಂಟಿನುಂಡೆಗೆ ಕೊಬ್ಬರಿ, ಒಂದು ಡಬ್ಬಿ ತುಪ್ಪ, ಬಾಣಂತಿ ಲೇಹ್ಯ, ಜೋನಿಬೆಲ್ಲ, ತೆಂಗಿನೆಣ್ಣೆ, ಅಪ್ಪೆಮಿಡಿ ಉಪ್ಪಿನಕಾಯಿ, ಮಗುವಿಗೆ ಸುತ್ತಲು ನನ್ನ ಅತ್ತೆಯವರ ಕಾಲದ ಮೆತ್ತನೆಯ ಹತ್ತಿ ಸೀರೆಗಳು. "ಇವೆಲ್ಲ ಮುಂಬಯಿಯಲ್ಲಿ ಸಿಗೋದಿಲ್ವಾ?" ಎಂದು ಅಳಿಯಂದಿರು ಕೇಳಿದರು. ಸಿಗುತ್ತದೆ ಮಾರಾಯರೇ, ದುಡ್ಡು ಕೊಟ್ಟರೆ ಅಲ್ಲಿ ಎಲ್ಲವೂ ಸಿಗುತ್ತದೆ. ನಮ್ಮ ಹಿತ್ತಲ ಮರದ ಕಾಯಿ ಸಿಗುತ್ತದೆಯೇ?

ವಿಮಾನವೆಂದರೆ ನನಗೇನೂ ಹೊಸದಲ್ಲ. ಎರಡು ವರ್ಷದ ಹಿಂದೆ ಮಗಳ ಮನೆಯ ಗೃಹಪ್ರವೇಶಕ್ಕೆ ಹಾಗೇ ಹೋಗಿದ್ದೆವು. ತಲೆಗೆ 15 ಕಿಲೋ ಸಾಮಾನು, ಕೈಚೀಲ ಬೇರೆ 7 ಕಿಲೋ. ಅದಕ್ಕೆ ಮೀರಿದರೆ ಕಿಲೋ ಲೆಕ್ಕದಲ್ಲಿ ದಂಡ. ಇವರು ಮನೆಯಲ್ಲೇ ತೂಗುಗೋಲು ಹಿಡಿದು ನಾಲ್ಕು ಸಲ ತೂಗಿದರು. ಆದರೂ ನಿಲ್ದಾಣದಲ್ಲಿ ಚೀಲ ಬಿಚ್ಚಿಸಿದರು. ಒಣಕೊಬ್ಬರಿ ಒಯ್ಯುವ ಹಾಗಿಲ್ಲವಂತೆ! ಅದರಲ್ಲಿ ಎಣ್ಣೆ ಹೆಚ್ಚು, ಒತ್ತಿ ತುಂಬಿಟ್ಟರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು ಎಂದು ಅಲ್ಲಿದ್ದ ಹುಡುಗಿ ಸಮಾಧಾನವಾಗಿಯೇ ತಿಳಿಸಿ ಹೇಳಿದಳು. ಅವಳ ಮೇಲೆ ಸಿಟ್ಟಿಲ್ಲ, ನಿಯಮ ನಿಯಮವೇ. ಕೈಚೀಲದಲ್ಲಿದ್ದ ಉಪ್ಪಿನಕಾಯಿ ಶೀಸೆಯೂ ಅಲ್ಲೇ ಉಳಿಯಿತು. ಎರಡನ್ನೂ ಕಸ ಗುಡಿಸುತ್ತಿದ್ದ ಹೆಂಗಸಿಗೆ ಕೊಟ್ಟು ಬರಿಗೈಯಲ್ಲಿ ವಿಮಾನ ಹತ್ತಿದೆ. ಇಳಿಯುವಾಗ ಕಿವಿ ಮುಚ್ಚಿಕೊಂಡು, ಮಗಳು "ಬಂದ್ಯಾ ಆಯಿ" ಅಂದದ್ದೂ ಸರಿಯಾಗಿ ಕೇಳಲಿಲ್ಲ.

ಹಾಗಾಗಿ ಈ ಸಲ ನಾನು "ನೋಡುವಾ" ಎಂದಷ್ಟೇ ಅಂದೆ. ನಮ್ಮನೆಯವರು ಲೆಕ್ಕದ ಮನುಷ್ಯ. ಕ್ಯಾಲೆಂಡರಿನ ಹಿಂಬದಿಗೆ ಬರೆದೇ ಬಿಟ್ಟರು. ಕುಮಟೆಯಿಂದ ಗೋವೆಯ ದಾಬೋಳಿ ವಿಮಾನ ನಿಲ್ದಾಣಕ್ಕೆ ದಾರಿ 150 ಕಿಲೋಮೀಟರಿಗೆ ಕಡಿಮೆಯಿಲ್ಲ. ಹುಬ್ಬಳ್ಳಿಗೂ ಹೆಚ್ಚುಕಡಿಮೆ ಅಷ್ಟೇ, ಅದೂ ಘಟ್ಟ ಹತ್ತಬೇಕು. ಮಂಗಳೂರು ಇನ್ನೂ ದೂರ. ಕಾರಿನಲ್ಲಿ ಮೂರೂವರೆ ತಾಸು, ನಿಲ್ದಾಣದಲ್ಲಿ ಎರಡು ತಾಸು ಮೊದಲೇ ಹಾಜರಿ, ಹಾರುವುದು ಒಂದೂಕಾಲು, ಸಾಮಾನು ಬರಲು ಅರ್ಧ, ಅಲ್ಲಿಂದ ಠಾಣೆಗೆ ವಾಹನಗಳ ಸಂದಣಿಯಲ್ಲಿ ಒಂದು ತಾಸು. ಎಂಟಕ್ಕೂ ಮಿಕ್ಕಿತು. ಬಾಡಿಗೆ ಕಾರಿನ ದುಡ್ಡು ಬೇರೆ. ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಾದರೆ ಸಂಜೆ ಕುಮಟೆಯಲ್ಲಿ ಹತ್ತಿ ಬೆಳಗಿನ ಜಾವ ಠಾಣೆಯಲ್ಲಿ ಇಳಿಯುವುದು, ಸುಮಾರು ಹನ್ನೆರಡು ತಾಸು. "ವ್ಯತ್ಯಾಸ ನಾಲ್ಕು ತಾಸು. ಅಷ್ಟು ಹೊತ್ತು ನೀನು ಹೇಗೂ ಗೊರಕೆ ಹೊಡೀತೀಯ" ಎಂದು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡರು. ಗೊರಕೆ ಯಾರದೆಂದು ನಾನಿಲ್ಲಿ ಬರೆಯುವುದಿಲ್ಲ.

ನಾನು ಮದುವೆಯಾಗಿ ಬಂದಾಗ ನಮ್ಮೂರಿಗೆ ರೈಲೇ ಇರಲಿಲ್ಲ. ಮುಂಬಯಿಗೆ ಹೋಗುವುದೆಂದರೆ ರಾತ್ರಿಯಿಡೀ ಬಸ್ಸು, ವಾಂತಿ, ನಿಂಬೆಹಣ್ಣು. ನಮ್ಮ ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸರು ರೈಲ್ವೆ ಮಂತ್ರಿಯಾಗಿದ್ದಾಗ, 1990ರಲ್ಲಿ, ಕೊಂಕಣ ರೈಲ್ವೆ ನಿಗಮ ಹುಟ್ಟಿತು. ಇ. ಶ್ರೀಧರನ್ ಅವರ ಮೇಲ್ವಿಚಾರಣೆಯಲ್ಲಿ ತೊಂಬತ್ತರಷ್ಟು ಸುರಂಗ ಕೊರೆದು, ಚಿಕ್ಕದು ದೊಡ್ಡದು ಸೇರಿ ಸುಮಾರು ಎರಡು ಸಾವಿರ ಸೇತುವೆ ಕಟ್ಟಿ, 1998ರ ಜನವರಿ 26ರಂದು ದಾರಿ ಪೂರ್ತಿ ತೆರೆಯಿತು. ಮೊದಲ ದಿನಗಳಲ್ಲಿ ರೈಲು ನೋಡುವುದಕ್ಕೆಂದೇ ಮಕ್ಕಳನ್ನು ಕರೆದುಕೊಂಡು ನಿಲ್ದಾಣಕ್ಕೆ ಹೋಗುತ್ತಿದ್ದೆವು. ಹಾಗೆ ನೋಡಲು ಹೋದ ಹುಡುಗಿಯೇ ಈಗ ರೈಲು ಬೇಡ ಎನ್ನುವುದು!

ಅಂತೂ ಹೊರಟೆವು. ಸ್ಲೀಪರಿನಲ್ಲೂ ಮೂರು ಹಂತದ ಎ.ಸಿ.ಯಲ್ಲೂ ಒಬ್ಬರಿಗೆ 40 ಕಿಲೋ ಸಾಮಾನು ಬಿಟ್ಟಿ. ಕೊಬ್ಬರಿಯ ಚೀಲವನ್ನು ಸೀಟಿನಡಿ ದೂಡಿ ಕಾಲು ಚಾಚಿ ಕುಳಿತೆ ನೋಡಿ, ಬೆಳಿಗ್ಗೆಯವರೆಗೆ ಯಾರೂ "ಚಾ ಆಯ್ತಾ" ಎಂದು ನನ್ನನ್ನು ಕೇಳುವ ಹಾಗಿಲ್ಲ. ಚಾ ತಾನಾಗಿಯೇ ಬಾಗಿಲಿಗೆ ಬರುತ್ತದೆ. ರುಚಿಯ ಮಾತು ಬೇಡ. ಮಿರ್ಜಾನಿನ ಹತ್ತಿರ ಅಘನಾಶಿನಿ ದಾಟಿದೆವು, ಮುಂದೆ ಗಂಗಾವಳಿ. ಕಾರವಾರ ಬಿಟ್ಟು ಕಾಳಿಯ ಸೇತುವೆ ಬರುವಷ್ಟರಲ್ಲಿ ನೀರೆಲ್ಲ ಕಪ್ಪಾಗಿತ್ತು.

ಎದುರಿನ ಸೀಟಿನಲ್ಲಿ ಭಟ್ಕಳದ ಕಡೆಯ ಒಬ್ಬ ಹೆಂಗಸು, ಜೊತೆಗೆ ತಮ್ಮ. ತಲೆಗೆ ಬಿಗಿಯಾಗಿ ಸೆರಗು ಸುತ್ತಿಕೊಂಡಿದ್ದರು. ಪರೇಲಿನ ಟಾಟಾ ಆಸ್ಪತ್ರೆಗೆ ಹೊರಟವರು, ಇದು ನಾಲ್ಕನೆಯ ಸಲವಂತೆ. ನಾನು ಬುತ್ತಿ ಬಿಚ್ಚಿದಾಗ ಅವರ ಕಣ್ಣು ಅಪ್ಪೆಮಿಡಿಯ ಮೇಲೆ ಹೋಯಿತು. "ಬಾಯಿಗೆ ರುಚಿಯೇ ಇಲ್ಲ ಅಕ್ಕಾ, ಬರೀ ವಾಸನೆ ನೋಡ್ತೇನೆ" ಎಂದರು. ವಾಸನೆ ನೋಡಿ, ಒಂದು ಹನಿ ರಸ ನಾಲಿಗೆಗೆ ಹಚ್ಚಿ, ಆಮೇಲೆ ನಾಲ್ಕು ತುತ್ತು ಮೊಸರನ್ನ ತಿಂದರು. ತಮ್ಮ ಆಚೆ ತಿರುಗಿ ಕಣ್ಣೊರೆಸಿಕೊಂಡ.

ಇವರು ಮೇಲಿನ ಬರ್ತಿಗೆ ಹತ್ತಿದ ಮೇಲೆ ನಾವಿಬ್ಬರೂ ಮಾತಾಡುತ್ತ ಮಲಗಿದೆವು. ಮಗಳ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮಗೆ ಹೆದರಿಕೆ ಇದೆ ಅಲ್ವಾ ಅಕ್ಕಾ?" ಎಂದರು. ನನಗೆ ಗಂಟಲು ಕಟ್ಟಿತು. ಒಂದು ತಿಂಗಳಿಂದ ಲೇಹ್ಯ ಕಾಯಿಸಿದ್ದೇ ಕಾಯಿಸಿದ್ದು, ಕೊಬ್ಬರಿ ಒಣಗಿಸಿದ್ದೇ ಒಣಗಿಸಿದ್ದು. ಹೆದರಿಕೆ ಎಂಬ ಮಾತನ್ನು ಮಾತ್ರ ನಮ್ಮನೆಯವರ ಎದುರೂ ಆಡಿರಲಿಲ್ಲ. ನನ್ನ ಅಕ್ಕ ಇದೇ ರಕ್ತದೊತ್ತಡದಿಂದ ಹೆರಿಗೆಯಲ್ಲಿ ಹೋದವಳು. ಅದನ್ನು ಆ ಕತ್ತಲೆಯಲ್ಲಿ, ಹೆಸರೂ ಕೇಳದ ಒಬ್ಬರಿಗೆ ಹೇಳಿದೆ. ಅವರು ಸಮಾಧಾನದ ಮಾತೇನೂ ಆಡಲಿಲ್ಲ. ಕೈ ಚಾಚಿ ನನ್ನ ಕೈ ಹಿಡಿದುಕೊಂಡರು. ಸುರಂಗ ಬಂತು, ಹೋಯಿತು, ಮತ್ತೊಂದು ಬಂತು. ಯಾವಾಗ ನಿದ್ದೆ ಹತ್ತಿತೋ ತಿಳಿಯದು.

ಠಾಣೆ ಬಂದಾಗ ಅವರು ಮಲಗೇ ಇದ್ದರು. ಅಪ್ಪೆಮಿಡಿ ಶೀಸೆಯನ್ನು ತಮ್ಮನ ಕೈಗಿತ್ತು ಇಳಿದೆ. ದೇಶದ ಮೊದಲ ಪ್ರಯಾಣಿಕ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟು ಬಂದದ್ದು ಇದೇ ಠಾಣೆಗೆ ಎಂದು ಇವರು ಪ್ಲಾಟ್‌ಫಾರ್ಮಿನಲ್ಲಿ ನಿಂತೇ ಪಾಠ ಶುರು ಮಾಡಿದರು. ಅಳಿಯಂದಿರು ಚೀಲ ಎತ್ತಿ "ಅಬ್ಬಾ!" ಎಂದರು.

ವಿಮಾನವೇ ಬೇಡ ಎಂದು ನಾನು ಹಟ ಹಿಡಿಯುವುದಿಲ್ಲ. ಆ ಶುಕ್ರವಾರ ರಾತ್ರಿ ಮಗಳಿಗೆ ನೋವು ಬಂದು ನಾವಿನ್ನೂ ಕುಮಟೆಯಲ್ಲೇ ಇದ್ದಿದ್ದರೆ ರೈಲಿಗೆ ಕಾಯುತ್ತಿದ್ದೆನೇ? ಸಾವು, ಕಾಯಿಲೆ, ತುರ್ತು ಎಂದಾಗ ದಾರಿಯ ಲೆಕ್ಕ ಹಾಕಬಾರದು. ರೈಲಿನಲ್ಲೂ ತೊಂದರೆಗಳಿವೆ. ಶೌಚಾಲಯದ ಸುದ್ದಿ ಎತ್ತಿದರೆ ಈ ಪುಟ ಸಾಲದು. ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೆ ವೇಳಾಪಟ್ಟಿಯೇ ಬೇರೆ. ಗುಡ್ಡ ಜರಿಯುವ ಭಯದಿಂದ ನಿಧಾನ ಓಡಿಸುತ್ತಾರೆ. ಹೊರಡುವ ಮೊದಲು 139ಕ್ಕೆ ಫೋನು ಮಾಡಿ ಕೇಳಿಕೊಳ್ಳಿ.

ಟಿಕೆಟ್ ತೆಗೆಸುವಾಗ ವಯಸ್ಸು ಸರಿಯಾಗಿ ಬರೆಸಿ, ಗೆಳತಿಯರೇ, ಇಲ್ಲಿ ನಾಚಿಕೆ ಬೇಡ. ನಲವತ್ತೈದು ದಾಟಿದ ಹೆಂಗಸರಿಗೆ, ಖಾಲಿ ಇದ್ದರೆ, ಕೇಳದಿದ್ದರೂ ಕೆಳಗಿನ ಬರ್ತೇ ಸಿಗುವಂತೆ ಏರ್ಪಾಡಿದೆ. 2024ರ ನವೆಂಬರಿನಿಂದ 60 ದಿನ ಮೊದಲಷ್ಟೇ ಮುಂಗಡ ಟಿಕೆಟ್ ಕೊಡುತ್ತಾರೆ, ದಿನ ಎಣಿಸಿಟ್ಟುಕೊಳ್ಳಿ. ಹಿರಿಯರ ರಿಯಾಯಿತಿಯನ್ನು 2020ರ ಮಾರ್ಚಿನಲ್ಲಿ ನಿಲ್ಲಿಸಿದರು, ಅದು ನನಗೆ ಈಗಲೂ ಹೊಟ್ಟೆಯುರಿ. ಆದರೆ ಕ್ಯಾನ್ಸರ್ ಚಿಕಿತ್ಸೆಗೆ ಹೋಗುವವರಿಗೆ ಸ್ಲೀಪರ್ ಮತ್ತು ಮೂರು ಹಂತದ ಎ.ಸಿ.ಯಲ್ಲಿ ದರ ಪೂರ್ತಿ ಮಾಫಿ, ಜೊತೆಗಿರುವ ಒಬ್ಬರಿಗೆ ನೂರಕ್ಕೆ 75 ಮಾಫಿ. ಆಸ್ಪತ್ರೆಯ ಪತ್ರ ಬೇಕು. ಇದನ್ನು ನನಗೆ ಹೇಳಿದವರು ಭಟ್ಕಳದ ಅವರೇ. ಮೊದಲ ಎರಡು ಸಲ ತಿಳಿಯದೆ ಪೂರ್ತಿ ದುಡ್ಡು ಕೊಟ್ಟಿದ್ದರಂತೆ. ನಿಮ್ಮ ಬೀದಿಯಲ್ಲಿ ಅಂಥವರಿದ್ದರೆ ಹೇಳಿ.

ಬುತ್ತಿಗೆ ಚಪಾತಿ ಹಿಟ್ಟನ್ನು ನೀರಿನ ಬದಲು ಹಾಲಿನಲ್ಲಿ ಕಲಸಿದರೆ ಮಾರನೆಯ ಬೆಳಿಗ್ಗೆಗೂ ಮೆತ್ತಗಿರುತ್ತದೆ. ಹಸಿ ತೆಂಗಿನಕಾಯಿ ಹಾಕಿದ ಪಲ್ಯ ಮಾತ್ರ ಬೇಡ, ಹಳಸುತ್ತದೆ.

ನಾವು ಹೋದ ಹನ್ನೊಂದನೆಯ ದಿನ ಮೊಮ್ಮಗಳು ಹುಟ್ಟಿದಳು. ತಾಯಿ ಮಗು ಇಬ್ಬರೂ ಸುಖವಾಗಿದ್ದಾರೆ. ಈಗ ಕೂಸಿಗೆ ನಾಲ್ಕು ತಿಂಗಳು, ಇಬ್ಬರೂ ತವರಿಗೆ ಬರುವವರಿದ್ದಾರೆ. ಐದು ವರ್ಷದೊಳಗಿನ ಮಗುವಿಗೆ ಬೇರೆ ಬರ್ತು ಕೇಳದಿದ್ದರೆ ರೈಲಿನಲ್ಲಿ ಟಿಕೆಟ್ಟಿಲ್ಲ ಎಂದು ಇವರು ಫೋನಿನಲ್ಲಿ ಲೆಕ್ಕ ಒಪ್ಪಿಸುತ್ತಿದ್ದರು. ಮಗಳು ನಡುವೆಯೇ ತಡೆದು, "ಗೊತ್ತು ಅಪ್ಪ, ಮತ್ಸ್ಯಗಂಧಕ್ಕೇ ಮಾಡಿಸಿ ಆಯ್ತು. ತೊಟ್ಟಿಲು ಬಟ್ಟೆಯದೇ ಎರಡು ಚೀಲ ಇದೆ" ಎಂದಳು.