“ಎಲ್ಲ ಸರಿಹೋಯಿತು” ಎನ್ನುವವರಿಗೆ ಒಂದು ಪ್ರಶ್ನೆ



ಕೃತಕ ಬುದ್ಧಿಮತ್ತೆಯ ಮಾತು ಬಂದಾಗಲೆಲ್ಲ ಈಗ ನಿಮ್ಮಲ್ಲಿ ಹಲವರು ನನಗೇ ಇತಿಹಾಸದ ಪಾಠ ಹೇಳತೊಡಗಿದ್ದೀರಿ. “ನೂಲುವ ಯಂತ್ರ ಬಂದಾಗ ಜನ ಹೆದರಿದರು, ರೈಲು ಬಂದಾಗ ಹೆದರಿದರು, ಕಂಪ್ಯೂಟರ್ ಬಂದಾಗಲೂ ಹೆದರಿದರು. ಕೊನೆಗೆ ಎಲ್ಲ ಸರಿಹೋಯಿತಲ್ಲವೇ ಮೇಷ್ಟ್ರೇ?” ಎಂಬುದು ಆ ಪಾಠದ ಸಾರ. ಇತಿಹಾಸವನ್ನೇ ಕಲಿಸಿ ನಿವೃತ್ತನಾದ ನನಗೆ ಈ ವಾದದಲ್ಲಿ ಕಾಣುವ ಕೊರತೆ ವ್ಯಾಕರಣದ್ದು. “ಸರಿಹೋಯಿತು” ಎಂಬ ವಾಕ್ಯದಲ್ಲಿ ಸರಿಪಡಿಸಿದವನ ಹೆಸರೇ ಇಲ್ಲ. ಸರಿಪಡಿಸಿದವರು ಯಾರು? ಎಷ್ಟು ವರ್ಷ ಹಿಡಿಯಿತು? ಅಲ್ಲಿಯವರೆಗಿನ ಬೆಲೆಯನ್ನು ತೆತ್ತವರು ಯಾರು?

ಸಂಗತಿ ಸಣ್ಣದಲ್ಲವಾದ್ದರಿಂದಲೇ ಕೇಳುತ್ತಿದ್ದೇನೆ. ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ಬಂದದ್ದು 2022ರ ನವೆಂಬರ್ 30ರಂದು. ಮೂರೇ ವರ್ಷಗಳಲ್ಲಿ, ಈ ಯಂತ್ರಗಳಿಗೆ ಬೇಕಾದ ಚಿಪ್ಪು ತಯಾರಿಸುವ ಎನ್‌ವಿಡಿಯಾ ಕಂಪನಿಯ ಮಾರುಕಟ್ಟೆ ಮೌಲ್ಯ 5 ಲಕ್ಷ ಕೋಟಿ ಡಾಲರನ್ನು ಮುಟ್ಟಿತು. 2025ರಲ್ಲಿ ಮೈಕ್ರೋಸಾಫ್ಟ್, ಗೂಗಲ್ಲಿನ ಒಡೆತನ ಹೊಂದಿರುವ ಆಲ್ಫಬೆಟ್, ಅಮೆಜಾನ್ ಮತ್ತು ಮೆಟಾ ಎಂಬ ನಾಲ್ಕೇ ಕಂಪನಿಗಳು ಬಂಡವಾಳ ವೆಚ್ಚವೆಂದು ಸುರಿದ ಹಣ 30,000 ಕೋಟಿ ಡಾಲರಿಗೂ ಹೆಚ್ಚು. ಅದರಲ್ಲಿ ದೊಡ್ಡ ಪಾಲು ಈ ಯಂತ್ರಗಳನ್ನಿಡುವ ಡೇಟಾ ಸೆಂಟರುಗಳಿಗೆ ಹೋಯಿತು.

ಮೊದಲು ಗಿರಣಿಯನ್ನೇ ನೋಡೋಣ. ರಿಚರ್ಡ್ ಆರ್ಕ್‌ರೈಟ್ ಇಂಗ್ಲೆಂಡಿನ ಕ್ರಾಂಫರ್ಡಿನಲ್ಲಿ ನೀರಿನ ಬಲದಿಂದ ನೂಲುವ ಗಿರಣಿಯನ್ನು ಆರಂಭಿಸಿದ್ದು 1771ರಲ್ಲಿ. ಎಳೆಯ ಮಕ್ಕಳು ಅಲ್ಲಿಂದ ಮುಂದೆ ದಶಕಗಳ ಕಾಲ ಗಿರಣಿಗಳಲ್ಲಿ ದುಡಿದರು. 1812ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾಯಿದೆ ಮಾಡಿತು, ನಿಜ. ಆದರೆ ಅದು ಯಂತ್ರ ಒಡೆದ ಕಾರ್ಮಿಕನಿಗೆ ಮರಣದಂಡನೆ ವಿಧಿಸುವ ಕಾಯಿದೆ! ಒಂಬತ್ತು ವರ್ಷದೊಳಗಿನ ಮಕ್ಕಳನ್ನು ಹತ್ತಿ ಗಿರಣಿಯಲ್ಲಿ ದುಡಿಸಬಾರದೆಂದು 1819ರಲ್ಲಿ ಕಾನೂನು ಬಂದರೂ ಅದು ಕಾಗದದ ಮೇಲೇ ಉಳಿಯಿತು. 1833ರ ಕಾಯಿದೆ ಸರ್ಕಾರದ ತಪಾಸಣಾಧಿಕಾರಿಗಳನ್ನು ನೇಮಿಸಿದ ಮೇಲೆಯೇ ಕಾನೂನಿಗೆ ಹಲ್ಲು ಬಂದದ್ದು. ಇನ್ಸ್‌ಪೆಕ್ಟರು ಬರುವ ದಿನ ನಮ್ಮ ಶಾಲೆಯ ಹಾಜರಿ ಪುಸ್ತಕ ಎಷ್ಟು ಚೊಕ್ಕವಾಗಿರುತ್ತಿತ್ತು ಎಂಬುದನ್ನು ಬಲ್ಲ ನಿಮಗೆ ಈ ಅಂಶವನ್ನು ಬಿಡಿಸಿ ಹೇಳಬೇಕಾಗಿಲ್ಲ. 1771ರಿಂದ 1833ರವರೆಗೆ 62 ವರ್ಷ. “ಸರಿಹೋಯಿತು” ಎಂಬ ಒಂದು ಪದದೊಳಗೆ ಎರಡು ತಲೆಮಾರುಗಳು ಹೂತುಹೋಗಿವೆ.

ಇನ್ನು ರೈಲು. ಈಗಿನ ಭರಾಟೆಗೆ ಅತಿ ಹತ್ತಿರದ ಹೋಲಿಕೆ 1840ರ ದಶಕದ ಬ್ರಿಟನ್ನಿನ ರೈಲ್ವೆ ಹುಚ್ಚು. 1846ನೇ ಇಸವಿಯೊಂದರಲ್ಲೇ ಅಲ್ಲಿನ ಪಾರ್ಲಿಮೆಂಟು ಹೊಸ ಮಾರ್ಗಗಳಿಗಾಗಿ 250ಕ್ಕೂ ಹೆಚ್ಚು ಕಾಯಿದೆಗಳನ್ನು ಅಂಗೀಕರಿಸಿತು. ಆ ಹುಚ್ಚಿನ ಕಾಲದಲ್ಲಿ ಅನುಮತಿ ಪಡೆದ ಮಾರ್ಗಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಹಳಿಯನ್ನೇ ಕಾಣಲಿಲ್ಲ. “ರೈಲ್ವೆ ದೊರೆ” ಎನಿಸಿಕೊಂಡಿದ್ದ ಜಾರ್ಜ್ ಹಡ್ಸನ್, ಬಂಡವಾಳದ ಹಣವನ್ನೇ ಲಾಭಾಂಶವೆಂದು ಹಂಚುತ್ತಿದ್ದುದು 1849ರಲ್ಲಿ ಬಯಲಾಯಿತು. ಷೇರು ಕೊಂಡ ಮಧ್ಯಮವರ್ಗದವರು ಅನೇಕರು ಮುಳುಗಿದರು. “ಆದರೂ ಹಳಿ ಉಳಿಯಿತಲ್ಲ?” ಎನ್ನುವಿರಿ. ಉಳಿಯಿತು. ಆದರೆ ಆ ಹಳಿಯ ಮೇಲೆ ಬಡವನು ಮನುಷ್ಯನಂತೆ ಕುಳಿತು ಪ್ರಯಾಣ ಮಾಡುವಂತಾದದ್ದು ಹೇಗೆ? ಮೂರನೇ ದರ್ಜೆಯವರನ್ನು ಮಾಡಿಲ್ಲದ ಬಂಡಿಗಳಲ್ಲಿ ಮಳೆಗಾಳಿಗೆ ಒಡ್ಡಿ ಸಾಗಿಸುತ್ತಿದ್ದ ಕಾಲವದು. ಗ್ಲ್ಯಾಡ್‌ಸ್ಟನ್ ಮುಂದೆ ನಿಂತು ಮಾಡಿಸಿದ 1844ರ ಕಾಯಿದೆಯು, ಹೊಸ ಕಂಪನಿಗಳು ಕೆಲಸದ ದಿನಗಳಲ್ಲಿ ಒಂದಾದರೂ ರೈಲನ್ನು ಮಾಡು ಮತ್ತು ಆಸನಗಳುಳ್ಳ ಗಾಡಿಗಳೊಡನೆ, ಮೈಲಿಗೆ ಒಂದು ಪೆನ್ನಿಯ ದರದಲ್ಲಿ ಓಡಿಸಲೇಬೇಕೆಂದು ಕಟ್ಟುಮಾಡಿತು. ಕಂಪನಿಗಳ ಔದಾರ್ಯ ಬಡವನಿಗೆ ಆಸನ ಕೊಡಲಿಲ್ಲ, ಕಾನೂನು ಕೊಡಿಸಿತು.

ಅದೇ ರೈಲು ನಮ್ಮ ದೇಶಕ್ಕೆ ಬಂದಾಗ ಏನಾಯಿತು? 1853ರ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಗೆ ಹೋದ ಮೊದಲ ಗಾಡಿಯ ಸಂಭ್ರಮವನ್ನು ಪಠ್ಯಪುಸ್ತಕಗಳಲ್ಲಿ ಎಲ್ಲರೂ ಓದಿದ್ದೀರಿ. ಅದರ ಹಿಂದಿನ ಕರಾರನ್ನು ಓದಿದವರು ಕಡಿಮೆ. 1849ರ ಒಪ್ಪಂದಗಳ ಪ್ರಕಾರ ಲಂಡನ್ನಿನ ಹೂಡಿಕೆದಾರರಿಗೆ ಶೇಕಡಾ 5ರ ಪ್ರತಿಫಲ ಖಾತರಿಯಾಗಿತ್ತು. ರೈಲು ಅಷ್ಟು ಗಳಿಸದಿದ್ದರೆ ಕೊರತೆಯನ್ನು ತುಂಬುವುದು ಭಾರತದ ಬೊಕ್ಕಸ, ಎಂದರೆ ನಮ್ಮ ರೈತನ ಕಂದಾಯ. ನಷ್ಟದ ಭಯವೇ ಇಲ್ಲದವನು ಮಿತವ್ಯಯ ಮಾಡುವನೇ? ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ! ಬೆಂಗಳೂರಿಗೆ 1864ರಲ್ಲೇ ಜೋಲಾರಪೇಟೆಯಿಂದ ರೈಲು ಬಂದಿತ್ತು. ಆದರೂ 1876-78ರ ಬರದಲ್ಲಿ ಮೈಸೂರು ಸೀಮೆಯ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಹಳಿ ಇತ್ತು, ಧಾನ್ಯ ಕೊಳ್ಳಲು ಜನರ ಕೈಯಲ್ಲಿ ಕಾಸಿರಲಿಲ್ಲ. ಆ ಕಾಲದಲ್ಲೂ ಭಾರತದ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ಯಂತ್ರವೊಂದೇ, ಕೇಳುವ ಅಧಿಕಾರವಿದ್ದ ಕಡೆ ಅದು ಒಂದು ಬಗೆಯ ಫಲ ಕೊಟ್ಟಿತು, ಅಧಿಕಾರವಿಲ್ಲದ ಕಡೆ ಇನ್ನೊಂದು ಬಗೆಯದು.

ನಿಮ್ಮ ಪಕ್ಷದ ಪ್ರಬಲ ವಾದವನ್ನೂ ನಾನು ಮರೆತಿಲ್ಲ. 2000ದ ಮಾರ್ಚಿನಲ್ಲಿ ಶಿಖರ ಮುಟ್ಟಿದ ಅಮೆರಿಕದ ನ್ಯಾಸ್ಡ್ಯಾಕ್ ಸೂಚ್ಯಂಕ 2002ರ ಅಕ್ಟೋಬರಿನ ಹೊತ್ತಿಗೆ ಮುಕ್ಕಾಲು ಪಾಲಿಗಿಂತ ಹೆಚ್ಚು ಕುಸಿಯಿತು. ಆದರೆ ಆ ಭರದಲ್ಲಿ ಸಮುದ್ರದಡಿ ಹಾಸಿದ್ದ ಕೇಬಲ್ಲುಗಳು ಅಗ್ಗವಾಗಿ ದೊರೆತವು. ನೂರಾರು ಕೋಟಿ ಡಾಲರ್ ವೆಚ್ಚದ ಟೈಕೋ ಕಂಪನಿಯ ಜಾಲವನ್ನು ನಮ್ಮ ವಿದೇಶ ಸಂಚಾರ ನಿಗಮ, ಅಷ್ಟರಲ್ಲಿ ಟಾಟಾ ಸಮೂಹಕ್ಕೆ ಸೇರಿದ್ದದ್ದು, 13 ಕೋಟಿ ಡಾಲರಿಗೆ ಕೊಂಡಿತು. ಬೆಂಗಳೂರಿನ ನಿಮ್ಮ ನೌಕರಿಗಳಿಗೆ ಅಂಥ ಅಗ್ಗದ ಸಂಪರ್ಕದಿಂದ ಒದಗಿದ ನೆರವನ್ನು ನಾನು ಒಪ್ಪುತ್ತೇನೆ. ಆದರೆ ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ಹಳಿಯ ದಾರಿ ನೂರು ವರ್ಷ ಬಾಳುತ್ತದೆ, ಸಮುದ್ರದ ಕೇಬಲ್ಲು ಕಾಲು ಶತಮಾನ. ಇಂದಿನ ಚಿಪ್ಪುಗಳನ್ನೊಳಗೊಂಡ ಸರ್ವರುಗಳ ಆಯುಸ್ಸನ್ನು ಆ ಕಂಪನಿಗಳೇ ತಮ್ಮ ಲೆಕ್ಕಪತ್ರಗಳಲ್ಲಿ ಐದಾರು ವರ್ಷವೆಂದು ಬರೆದುಕೊಳ್ಳುತ್ತವೆ. ಗುಳ್ಳೆ ಒಡೆದರೆ ನಮಗೆ ಉಳಿಯುವುದು ಹಳಿಯಲ್ಲ, ಗುಜರಿ.

ಮತ್ತೊಂದು ಹೋಲಿಕೆಯನ್ನು ನೀವು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. 1861-65ರ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಧಾರವಾಡ ಸೀಮೆಯ ಹತ್ತಿ ಲ್ಯಾಂಕಶೈರಿನ ಗಿರಣಿಗಳಿಗೆ ಬೇಕಾಯಿತು. ಇಲ್ಲಿಂದ ಕಚ್ಚಾ ಹತ್ತಿ, ಅಲ್ಲಿಂದ ಬಟ್ಟೆ, ಲಾಭ ಗಿರಣಿಯವನದು. ಕೃತಕ ಬುದ್ಧಿಮತ್ತೆಯ ಕಚ್ಚಾ ಹತ್ತಿ ಯಾವುದು? ಮನುಷ್ಯರು ಬರೆದದ್ದು. ನಮ್ಮ ಲೇಖಕರ, ಅನುವಾದಕರ, ವಿಕಿಪೀಡಿಯಕ್ಕೆ ಬಿಡುವಿನಲ್ಲಿ ಬರೆದ ನಿಮ್ಮಂಥವರ ಶ್ರಮ. ಆಂಥ್ರಾಪಿಕ್ ಕಂಪನಿಯು ಪುಸ್ತಕಗಳ ಅಕ್ರಮ ಪ್ರತಿಗಳನ್ನು ಇಳಿಸಿಕೊಂಡಿತೆಂಬ ಮೊಕದ್ದಮೆಯಲ್ಲಿ 2025ರಲ್ಲಿ 150 ಕೋಟಿ ಡಾಲರ್ ಕೊಟ್ಟು ರಾಜಿಯಾಗಲು ಒಪ್ಪಿತು. ಲೇಖಕರು ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ ಬಂದ ಹಣ ಅದು. ಕಾಲ ತಾನಾಗಿ ಕೊಟ್ಟದ್ದಲ್ಲ. ಆದರೆ ಪುಸ್ತಕವು ಅಮೆರಿಕದ ಹಕ್ಕುಸ್ವಾಮ್ಯ ಕಚೇರಿಯಲ್ಲಿ ನೋಂದಣಿಯಾಗಿರಬೇಕೆಂಬುದು ಷರತ್ತು. ಅಲ್ಲಿ ನೋಂದಣಿಯಾದ ಕನ್ನಡ ಪುಸ್ತಕ ನಿಮ್ಮ ಮನೆಯ ಕಪಾಟಿನಲ್ಲಿ ಒಂದಾದರೂ ಇದೆಯೇ, ನೋಡಿ.

ನಾನು ಯಂತ್ರದ ವೈರಿಯಲ್ಲ. ಕಣ್ಣು ಮಂಜಾದವರಿಗೆ ಪತ್ರಿಕೆ ಓದಿ ಹೇಳುವ, ಇಂಗ್ಲಿಷ್ ಬಾರದ ರೈತನಿಗೆ ಅರ್ಜಿಯನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಯಂತ್ರವನ್ನು ಯಾವ ವಿವೇಕಿಯೂ ಹಳಿಯಲಾರ. ನನ್ನ ಆಕ್ಷೇಪವಿರುವುದು ಇತಿಹಾಸವನ್ನು ಜೋಗುಳದಂತೆ ಹಾಡುವುದಕ್ಕೆ. ಹಿಂದಿನವರು ಸುಮ್ಮನಿದ್ದರೆಂದು ಏನೂ ಸರಿಹೋಗಲಿಲ್ಲ. ಕೇಳಿದರು, ಬರೆದರು, ಸಂಘ ಕಟ್ಟಿದರು, ಶಾಸನಸಭೆಯ ಬಾಗಿಲು ಬಡಿದರು.

ಆದ್ದರಿಂದ ಆ ಕಂಪನಿಗಳ ಒಳಗೇ ಕುಳಿತಿರುವ ನಿಮ್ಮನ್ನು ಕೇಳುತ್ತೇನೆ. ನಿಮ್ಮ ಯಂತ್ರ ಯಾರ ಬರಹವನ್ನು ಉಂಡಿತೆಂಬುದನ್ನು ಬಹಿರಂಗಪಡಿಸಿ ಎಂದು ಸಭೆಯಲ್ಲಿ ಒಮ್ಮೆಯಾದರೂ ಕೇಳಿದ್ದೀರಾ? ಡೇಟಾ ಸೆಂಟರು ಕುಡಿಯುವ ನೀರು, ವಿದ್ಯುತ್ತುಗಳ ಲೆಕ್ಕವನ್ನು ಆ ಊರಿನವರ ಮುಂದೆ ಇಡಲಾಗಿದೆಯೇ? ಕೆಲಸ ಕಳೆದುಕೊಂಡ ಸಹೋದ್ಯೋಗಿಯ ಪರವಾಗಿ ಮಾತನಾಡುವ ಸಂಘ ನಿಮ್ಮಲ್ಲಿದೆಯೇ? ಇವಕ್ಕೆ ಉತ್ತರ “ಇಲ್ಲ” ಎಂದಾದರೆ, ದಯವಿಟ್ಟು ನನಗೆ 1844ರ ಹಳಿಯ ಉದಾಹರಣೆ ಕೊಡಬೇಡಿ. ನೀವಿನ್ನೂ 1849ರ ಕರಾರಿನಲ್ಲಿದ್ದೀರಿ.

ಒಪ್ಪದವರು ಎಂದಿನಂತೆ ಬರೆಯಿರಿ. ತರಗತಿಯಲ್ಲಿ ಎದ್ದು ನಿಂತು ವಾದಿಸಿದವರೇ ನನಗೆ ಇಂದಿಗೂ ಹೆಚ್ಚು ನೆನಪಿನಲ್ಲಿರುವವರು.