ಪಾದ್ರಿಯ ಪ್ರಯೋಗ, ನಮ್ಮ ಮಕ್ಕಳ ಕನ್ನಡ

2023ರ ಸೆಪ್ಟೆಂಬರ್ 17, ಭಾನುವಾರ. ಆಸ್ಟಿನ್ನಿನ ವಯಲೆಟ್ ಕ್ರೌನ್ ಸಿಟಿ ಚರ್ಚಿನಲ್ಲಿ ಮೆಥಡಿಸ್ಟ್ ಪಾದ್ರಿ ಜೇ ಕೂಪರ್ ಒಂದು ಪ್ರಯೋಗ ಮಾಡಿದರು. ಅಂದಿನ ಆರಾಧನೆಯನ್ನು ಚಾಟ್‌ಜಿಪಿಟಿಯಿಂದ ಬರೆಸಿದರು. ಪ್ರಾರ್ಥನೆ, ಪ್ರವಚನ, ಕೊನೆಗೆ ಒಂದು ಹೊಸ ಹಾಡು ಕೂಡ ಯಂತ್ರದ್ದೇ. ಅದೇ ವರ್ಷ ಜೂನ್‌ನಲ್ಲಿ ಜರ್ಮನಿಯ ಫ್ಯೂರ್ತ್ ಪಟ್ಟಣದ ಚರ್ಚೊಂದರಲ್ಲಿ ಪರದೆಯ ಮೇಲಿನ ಕೃತಕ ಮುಖಗಳೇ ಪ್ರವಚನ ನೀಡಿದ್ದವು. 300ಕ್ಕೂ ಹೆಚ್ಚು ಜನ ಕೇಳಲು ಬಂದಿದ್ದರು. ಮಾತಿನಲ್ಲಿ ಹೃದಯವೇ ಇರಲಿಲ್ಲ ಎಂದವರೂ ಅವರಲ್ಲಿದ್ದರು. ಕೂಪರ್ ಅವರ ಅಭಿಪ್ರಾಯವೂ ಇದಕ್ಕೆ ದೂರವಿರಲಿಲ್ಲ: ಸಮುದಾಯಕ್ಕೆ ಮನುಷ್ಯರ ಸ್ಪರ್ಶ ಬೇಕೇ ಬೇಕು.

ನೀವು ಚರ್ಚಿಗೆ ಹೋಗುವವರಿರಲಿ, ದೇವಸ್ಥಾನಕ್ಕೆ ಹೋಗುವವರಿರಲಿ, ಈ ಪ್ರಶ್ನೆ ನಮ್ಮ ಮನೆಗಳಿಗೂ ಬಂದಾಗಿದೆ. ನವೆಂಬರ್ ಬಂತೆಂದರೆ ಡಾಲಸ್, ಹ್ಯೂಸ್ಟನ್, ಆಸ್ಟಿನ್ ಎಲ್ಲ ಕಡೆ ರಾಜ್ಯೋತ್ಸವ. ಮಗುವಿಗೆ ಎರಡು ನಿಮಿಷದ ಭಾಷಣ ಬೇಕು. ಫೋನಿಗೆ ಹೇಳಿದರೆ ಅರೆಗಳಿಗೆಯಲ್ಲಿ ಸಿದ್ಧ. ಇಂಗ್ಲಿಷ್ ಅಕ್ಷರಗಳಲ್ಲೂ ಬರೆದುಕೊಡುತ್ತದೆ. ಮಗು ಬಾಯಿಪಾಠ ಮಾಡುತ್ತದೆ, ಸಭೆ ಚಪ್ಪಾಳೆ ತಟ್ಟುತ್ತದೆ. ಆದರೆ ಆ ಮಾತು ಯಾರದು?

ವೃತ್ತಿಯಿಂದ ನಾನು ಸಂಶೋಧಕಿ. ಇಂಥ ಸಾಧನಗಳನ್ನು ದಿನವೂ ಬಳಸುತ್ತೇನೆ, ಬೇಡವೆನ್ನುವ ಗುಂಪಿನವಳಲ್ಲ. ಅವು ಕೆಲಸ ಮಾಡುವ ರೀತಿ ಮಾತ್ರ ನಮಗೆ ತಿಳಿದಿರಬೇಕು. ಓದಿದ ಅಪಾರ ಪಠ್ಯದ ಆಧಾರದ ಮೇಲೆ, ಮುಂದೆ ಯಾವ ಪದ ಬರಬಹುದೆಂದು ಅವು ಊಹಿಸುತ್ತ ಹೋಗುತ್ತವೆ. ಅಂತರ್ಜಾಲದಲ್ಲಿ ಇಂಗ್ಲಿಷಿಗೆ ಹೋಲಿಸಿದರೆ ಕನ್ನಡ ಬಹಳ ಕಡಿಮೆ. ಇರುವುದರಲ್ಲೂ ಗ್ರಂಥಸ್ಥ ಕನ್ನಡವೇ ಹೆಚ್ಚು. ನಿಮ್ಮ ಅತ್ತೆ 'ಉಂಡ್ಯಾ?' ಎನ್ನುವವರೋ, 'ಊಟ ಆಯ್ತಾ?' ಎನ್ನುವವರೋ ಅದಕ್ಕೆ ಗೊತ್ತಿಲ್ಲ. ಮಗುವಿಗೆ ಗೊತ್ತು.

ಹೊಸ ತಂತ್ರಜ್ಞಾನ ಮತ್ತು ಪಾದ್ರಿಗಳ ನಂಟು ಕನ್ನಡಕ್ಕೆ ಹೊಸದಲ್ಲ. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಹೊರತಂದದ್ದು ಕಲ್ಲಚ್ಚಿನಲ್ಲಿ. ಅದು ಆ ಕಾಲದ ತಂತ್ರಜ್ಞಾನ. ಕನ್ನಡದ ಮೊದಲ ಪತ್ರಿಕೆ ಹುಟ್ಟಿದ್ದು ಹಾಗೆ. 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ಹಳೆಯ ಗ್ರಂಥಗಳನ್ನು ಓದಿದರು, ಜನರ ಬಾಯಿಂದಲೂ ಮಾತು ಕೇಳಿ ಕಲಿತರು. ಸುಮಾರು 70,000 ಪದಗಳ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಪದ ಮುದ್ರಿಸಲು ಯಂತ್ರವಿತ್ತು, ಪದ ಕಲಿಯಲು ಜನ ಬೇಕಿತ್ತು. ನಮ್ಮ ಮನೆಗಳಲ್ಲೂ ಇದೇ ಕ್ರಮ ನಡೆಯಬಹುದು.

ಭಾಷಣವಿದ್ದರೆ, ಮೊದಲು ಮಗು ತನಗೆ ತಿಳಿದಷ್ಟು ಕನ್ನಡದಲ್ಲಿ ಐದು ವಾಕ್ಯ ಹೇಳಲಿ. ಇಂಗ್ಲಿಷ್ ಬೆರೆತರೂ ಸರಿ, ನೀವು ಬರೆದುಕೊಳ್ಳಿ. ಗೊತ್ತಿಲ್ಲದ ಪದವನ್ನು ಊರಿಗೆ ಫೋನ್ ಮಾಡಿ ಅಜ್ಜನನ್ನೋ ಅಜ್ಜಿಯನ್ನೋ ಕೇಳಲಿ. ಆಮೇಲೆ ಬೇಕಿದ್ದರೆ ಕಾಗುಣಿತ ನೋಡಲು, ಒಂದು ಪದದ ಅರ್ಥ ತಿಳಿಯಲು ಯಂತ್ರದ ನೆರವು ಪಡೆಯಿರಿ. ಅದರ ಉತ್ತರವನ್ನೂ ಒಮ್ಮೆ ಅಜ್ಜಿಯ ಕಿವಿಗೆ ಹಾಕಿ ನೋಡಿ.

ಕೆಲವು ಮಾತುಗಳನ್ನಂತೂ ಯಂತ್ರಕ್ಕೆ ಬಿಡಲೇಬೇಡಿ. ಹುಟ್ಟುಹಬ್ಬದ ಹಾರೈಕೆ, ರಾತ್ರಿ ಮಲಗುವ ಮುನ್ನ ಮಗು ದೇವರ ಹತ್ತಿರ ಕೇಳಿಕೊಳ್ಳುವುದು, ಊರಿನಲ್ಲಿ ಯಾರೋ ತೀರಿಕೊಂಡಾಗ ಹೇಳುವ ಸಮಾಧಾನ. 'ಅಜ್ಜಿ, ಅಳಬೇಡಿ, ನಾನು ಬರ್ತೀನಿ' ಎಂದು ಮಗು ತೊದಲಿ ಹೇಳಿದರೆ ಸಾಕು. ವ್ಯಾಕರಣ ಶುದ್ಧವಾಗಿರುವ ಹತ್ತು ಸಾಲಿನ ವಾಟ್ಸಾಪ್ ಸಂದೇಶಕ್ಕಿಂತ ಅಜ್ಜಿಗೆ ಅದೇ ಹೆಚ್ಚು.

ಈ ನವೆಂಬರಿನಲ್ಲಿ ವೇದಿಕೆಯ ಮೇಲೆ ಮಗು ತಡವರಿಸಿದರೆ ದಯವಿಟ್ಟು ಮುಂದಿನ ಸಾಲಿನಿಂದ ಎತ್ತಿಕೊಡಬೇಡಿ. ಸ್ವಲ್ಪ ಕಾಯೋಣ. ಅದು ತನ್ನ ಮಾತನ್ನು ಹುಡುಕಿಕೊಳ್ಳುತ್ತಿದೆ.