ಅಕ್ಷರವನ್ನು ಚಿತ್ರ ಮಾಡಿ ಕಳಿಸಿದರೆ ಓದುವುದು ಹೇಗೆ ಸ್ವಾಮಿ?

ಮೇಲ್‌ನಲ್ಲಿ ಚಿತ್ರ ಕಾಣದಿದ್ದರೆ ತಪ್ಪು ಯಾವಾಗಲೂ ಓದುವವನದ್ದೇ ಎಂಬ ಹಟ ನಮ್ಮ ಕಚೇರಿಗಳಲ್ಲಿದೆ. ಪ್ರಕಟಣೆ ಬರುತ್ತದೆ, ತೆರೆದರೆ ಖಾಲಿ ಚೌಕ. ಫೋನ್ ಮಾಡಿದರೆ ಉತ್ತರ ಸಿದ್ಧ: "ನಮ್ಮಲ್ಲಿ ಕಾಣ್ತಿದೆಯಲ್ಲ, ನಿಮ್ಮ ನೆಟ್ ಸರಿಯಿಲ್ಲ ನೋಡಿ." ಜಿಲ್ಲೆಗಳಿಂದ ಸುದ್ದಿ ಬರೆಯುವ ನಮಗೆ ಇದನ್ನು ಕೇಳಿ ಕೇಳಿ ಸಾಕಾಗಿದೆ. ಈ ಉತ್ತರವನ್ನು ಇನ್ನು ಮುಂದೆ ನಾವು ಒಪ್ಪುವುದಿಲ್ಲ.

ಯಾಕೆ ಒಪ್ಪುವುದಿಲ್ಲ ಎಂದು ಹೇಳುತ್ತೇವೆ. ಮೇಲ್‌ನಲ್ಲಿ ಚಿತ್ರ ಎರಡು ರೀತಿ ಬರುತ್ತದೆ. ಒಂದು, ಮೇಲ್ ಜೊತೆಗೇ ಬರುವ ಫೈಲ್. ಇನ್ನೊಂದು, ಬೇರೆಲ್ಲೋ ಇರುವ ಚಿತ್ರದ ವಿಳಾಸ ಮಾತ್ರ. ನಾವು ಮೇಲ್ ತೆರೆದಾಗ ಅಲ್ಲಿಂದ ತಂದು ತೋರಿಸಬೇಕು. ಆ ವಿಳಾಸ ಕಚೇರಿಯ ಒಳಗಿನ ಕಂಪ್ಯೂಟರಿನದ್ದಾದರೆ ಒಳಗಿನವರಿಗೆ ಕಾಣುತ್ತದೆ, ಹೊರಗಿನವರಿಗೆ ಕಾಣುವುದಿಲ್ಲ. "ನಮ್ಮಲ್ಲಿ ಕಾಣ್ತಿದೆ" ಎಂಬ ಮಾತಿನ ಗುಟ್ಟು ಎಷ್ಟೋ ಸಲ ಇಷ್ಟೇ.

ಕೆಲವೊಮ್ಮೆ ಚಿತ್ರವನ್ನು ಬೇಕೆಂದೇ ತಡೆದಿರುತ್ತಾರೆ. ಅನೇಕ ಕಚೇರಿಗಳಲ್ಲಿರುವ ಹಳೆಯ ಔಟ್‌ಲುಕ್ ಹೊರಗಿನ ಚಿತ್ರಗಳನ್ನು ತಾನಾಗಿ ತರುವುದಿಲ್ಲ. ಕಾರಣ ಸರಿಯಾದದ್ದೇ. ಕಣ್ಣಿಗೆ ಕಾಣದಷ್ಟು ಚಿಕ್ಕ, ಒಂದೇ ಚುಕ್ಕೆಯ ಚಿತ್ರ ಇಟ್ಟು, ನಾವು ಮೇಲ್ ಯಾವಾಗ ತೆರೆದೆವು ಎಂದು ಪತ್ತೆ ಹಚ್ಚುವವರಿದ್ದಾರೆ. ಜಿಮೇಲ್ 2013ರ ಡಿಸೆಂಬರ್‌ನಿಂದ ಚಿತ್ರಗಳನ್ನು ತನ್ನದೇ ಸರ್ವರ್ ಮೂಲಕ ತರಿಸಿ ತೋರಿಸುತ್ತಿದೆ; ಅನುಮಾನ ಬಂದ ಮೇಲ್ ಆದರೆ ಅದೂ ತಡೆಯುತ್ತದೆ. ಹಾಗಾಗಿ "ಎಲ್ಲಾ ಚಿತ್ರ ತೋರಿಸು ಅಂತ ಒತ್ತಿಬಿಡಿ" ಎಂಬ ಸಲಹೆ ಬಾಗಿಲಿಗೆ ಚಿಲಕ ಹಾಕಬೇಡಿ ಎಂದಂತೆ. ಗುರುತಿನವರು ಕಳಿಸಿದ ಮೇಲ್‌ಗೆ ಮಾತ್ರ ಒತ್ತಿ.

ತಪ್ಪು ಯಾರದ್ದು ಎಂದು ಪರೀಕ್ಷಿಸುವುದು ಸುಲಭ. ಅದೇ ಮೇಲನ್ನು ಬೇರೆ ಫೋನಿನಲ್ಲಿ, ಬೇರೆ ನೆಟ್‌ನಲ್ಲಿ ತೆರೆಯಿರಿ. ಅಲ್ಲಿ ಕಂಡರೆ ನಮ್ಮ ಸೆಟ್ಟಿಂಗ್ ಅಥವಾ ನೆಟ್ ನೋಡಿಕೊಳ್ಳಬೇಕು. ಎಲ್ಲಿಯೂ ಕಾಣದಿದ್ದರೆ ಕಳಿಸಿದವರು ಸರಿಪಡಿಸಬೇಕು. ಫೈಲ್ ಬಂದಿದ್ದೂ ತೆರೆಯದಿದ್ದರೆ ಅದರ ಹೆಸರಿನ ಕೊನೆ ನೋಡಿ. 2017ರಿಂದ ಐಫೋನ್ ಫೋಟೊಗಳನ್ನು ಎಚ್‌ಇಐಸಿ ಎಂಬ ಬಗೆಯಲ್ಲಿ ಉಳಿಸುತ್ತಿದೆ. ಹಳೆಯ ವಿಂಡೋಸ್ ಕಂಪ್ಯೂಟರಿಗೆ ಅದು ತಿಳಿಯುವುದಿಲ್ಲ. ಜೆಪಿಜಿ ಮಾಡಿ ಕಳಿಸಿ ಎಂದು ಕೇಳಿ, ಸಂಕೋಚ ಬೇಡ.

ಆದರೆ ನಮ್ಮ ನಿಜವಾದ ಜಗಳ ಬೇರೆ. ಚಿತ್ರವೇ ಬೇಕಿಲ್ಲದ ಕಡೆ ಚಿತ್ರ ಯಾಕೆ? ಅರ್ಜಿಯ ಕೊನೆಯ ದಿನ, ಸಭೆಯ ಸಮಯ, ಬೇಕಾದ ದಾಖಲೆಗಳ ಪಟ್ಟಿ, ಇವೆಲ್ಲ ಅಕ್ಷರ. ಅವನ್ನು ಟೈಪ್ ಮಾಡಿ, ಪ್ರಿಂಟ್ ತೆಗೆದು, ಸೀಲ್ ಹೊಡೆದು, ಮೊಬೈಲಿನಲ್ಲಿ ಫೋಟೊ ಹೊಡೆದು ಕಳಿಸುತ್ತಾರೆ. ಹಳೆಯ ನುಡಿ ಫಾಂಟ್‌ನಲ್ಲಿ ಬರೆದದ್ದು ಬೇರೆ ಕಡೆ ವಿಚಿತ್ರ ಅಕ್ಷರಗಳಾಗಿ ಕಾಣುತ್ತಿತ್ತು ಎಂಬುದು ಅದಕ್ಕೆ ನೆಪ. ಈಗ ನುಡಿಯಲ್ಲೇ ಯೂನಿಕೋಡ್ ಇದೆ. ಆ ನೆಪ ಮುಗಿಯಿತು.

ಚಿತ್ರವಾದ ಅಕ್ಷರವನ್ನು ಸುಲಭವಾಗಿ ಹುಡುಕಲಾಗದು, ಸುಲಭವಾಗಿ ಕಾಪಿ ಮಾಡಲಾಗದು. ಚಿತ್ರ ತಡೆದ ಕಂಪ್ಯೂಟರಿನಲ್ಲಿ ಅದು ಬರೀ ಖಾಲಿ. ಕಣ್ಣು ಕಾಣದವರ ಫೋನ್ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಫೋಟೊ ಬಂದರೆ ಬಹಳಷ್ಟು ಸಲ "ಚಿತ್ರ" ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಹಾಲಿನ ಸೊಸೈಟಿಯ ಕಾರ್ಯದರ್ಶಿಗೋ ಶಾಲೆಯ ಮೇಷ್ಟರಿಗೋ ಮೇಲ್ ಖಾಲಿ ಬಂದರೆ, ಕೊನೆಯ ದಿನ ದಾಟಿದ ಮೇಲೆ ಓಡಾಡುವವರು ರೈತರು, ಮಕ್ಕಳ ತಾಯ್ತಂದೆಯರು. ಕಳಿಸಿದವರ ರಿಜಿಸ್ಟರಿನಲ್ಲಿ ಮಾತ್ರ "ಮಾಹಿತಿ ನೀಡಲಾಗಿದೆ" ಎಂದೇ ಇರುತ್ತದೆ.

ನಾವು ಕೇಳುವುದು ನಾಲ್ಕೇ. ವಿಷಯವನ್ನು ಮೇಲ್‌ನಲ್ಲೇ ಯೂನಿಕೋಡ್ ಕನ್ನಡದಲ್ಲಿ ಬರೆಯಿರಿ. ಸಹಿ, ಸೀಲ್ ಇರುವ ಪ್ರತಿಯನ್ನು ಪಿಡಿಎಫ್ ಮಾಡಿ ಲಗತ್ತಿಸಿ. ಫೋಟೊ ಇದ್ದರೆ ಜೆಪಿಜಿ ಕಳಿಸಿ, ಅದರಲ್ಲಿ ಏನಿದೆ ಎಂದು ಕೆಳಗೆ ಒಂದು ಸಾಲು ಬರೆಯಿರಿ. ಎಲ್ಲರಿಗೂ ಕಳಿಸುವ ಮೊದಲು ಕಚೇರಿಯ ಹೊರಗಿನ ಒಂದು ವಿಳಾಸಕ್ಕೆ ಕಳಿಸಿ, ಫೋನಿನಲ್ಲಿ ತೆರೆದು ನೋಡಿ.

ಇದಕ್ಕೆ ಅನುದಾನ ಬೇಡ, ಟೆಂಡರ್ ಬೇಡ, ಹೊಸ ಕಂಪ್ಯೂಟರೂ ಬೇಡ. ಓದುಗರೇ, ನಿಮಗೂ ಖಾಲಿ ಚೌಕ ಬಂದರೆ ಸುಮ್ಮನಿರಬೇಡಿ. "ಚಿತ್ರ ಕಾಣುತ್ತಿಲ್ಲ, ವಿಷಯವನ್ನು ಅಕ್ಷರದಲ್ಲಿ ಕಳಿಸಿ" ಎಂದು ಅದೇ ಮೇಲ್‌ಗೆ ಉತ್ತರ ಬರೆಯಿರಿ. ಬರೆದದ್ದು ದಾಖಲೆಯಾಗಿ ಉಳಿಯುತ್ತದೆ. ಆಮೇಲೆ ನೆಟ್ ಮೇಲೆ ಹಾಕಿ ಕೈ ತೊಳೆದುಕೊಳ್ಳಲು ಯಾರಿಗೂ ಆಗುವುದಿಲ್ಲ.